ಮಂಡಿ ಬದಲಾಯಿಸಿದ ಹಾಗೆ ಮಣಿಕಟ್ಟನ್ನೂ ಬದಲಾಯಿಸಬಹುದಾ? ಎಷ್ಟು ವರ್ಷ ಬಾಳಿಕೆ ಬರುತ್ತೆ?

ನಿಮ್ಮ ಅಮ್ಮನಿಗೆ 56 ವರ್ಷ, ಕೀಲುವಾತದಿಂದ ಎರಡೂ ಮಣಿಕಟ್ಟು ಸವೆದಿವೆ. ನಿಮ್ಮ ಅತ್ತೆ ಮಂಡಿ ಬದಲಾಯಿಸಿಕೊಂಡು ಆರಾಮಾಗಿದ್ದಾರೆ, ಹಾಗೇ ಇದನ್ನೂ ಮಾಡಿಸಬಹುದಾ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಮೂಡಿಗೆರೆ ಕಡೆಯ ರಿಟೈರ್ಡ್ ಟೀಚರ್, ಹಳೇ ಕೀಲುವಾತದ ಗಿರಾಕಿ. ನನ್ನ ಬಲ ಮಣಿಕಟ್ಟನ್ನು ಪ್ಲೇಟ್ ಹಾಕಿ ಕೂಡಿಸಿಬಿಟ್ಟಿದ್ದಾರೆ, ಅಂದರೆ ಮೂಳೆಗಳನ್ನು ಒಂದಾಗಿ ಬೆಸೆದಿದ್ದಾರೆ, ಇನ್ನು ಅದು ಮಡಚೋದಿಲ್ಲ. ಎಡಗೈಯಲ್ಲಿ ಲೋಹದ ಕೀಲಿದೆ. ಹಾಗಾಗಿ ಎರಡರ ಬಗ್ಗೆಯೂ ಹೇಳಬಲ್ಲೆ.

ಮೊದಲು, ಮಂಡಿ ಜೊತೆ ಹೋಲಿಸೋದು ಬಿಡಿ. ಮಂಡಿಯಲ್ಲಿ ಕೀಲನ್ನು ಕೂರಿಸಲು ಮೇಲೂ ಕೆಳಗೂ ದಪ್ಪ ಮೂಳೆ ಸಿಗುತ್ತೆ. ಮಣಿಕಟ್ಟಿನಲ್ಲಿ ಇರೋದು 8 ಪುಟ್ಟ ಮೂಳೆ, ಕೆಲವು ಗೋಡಂಬಿಯಷ್ಟೇ. ಕೀಲುವಾತ ಅವನ್ನೂ ತಿಂದು ಮೆತ್ತಗೆ ಮಾಡಿರುತ್ತೆ. ಹಾಕುವ ಕೀಲಿನಲ್ಲಿ ಮೊಣಕೈ ಕಡೆಗಿನ ತುಂಡು ಸಾಮಾನ್ಯವಾಗಿ ಗಟ್ಟಿ ನಿಲ್ಲುತ್ತೆ. ತೊಂದರೆಯೆಲ್ಲ ಅಂಗೈ ಕಡೆಯದ್ದು. ಹಸಿ ಗದ್ದೆ ಬದುವಿನಲ್ಲಿ ಬೇಲಿಗೂಟ ನೆಟ್ಟು ದಿನಾ ಅಲ್ಲಾಡಿಸಿದರೆ ಏನಾಗುತ್ತೆ? ಅದೇ ಕಥೆ.

ಇದನ್ನು ಸರಿ ಮಾಡೋಕೆ ಜನ ಸುಮ್ನೆ ಕೂತಿಲ್ಲ. 1890ರಲ್ಲೇ ಬರ್ಲಿನ್ನಿನ ಥೆಮಿಸ್ಟೊಕ್ಲಿಸ್ ಗ್ಲುಕ್ ಅನ್ನೋ ಸರ್ಜನ್ ಕ್ಷಯದಿಂದ ಹಾಳಾದ ಮಣಿಕಟ್ಟಿಗೆ ದಂತದ ಕೀಲು ಹಾಕಿದ್ದ. 1960ರ ದಶಕದಲ್ಲಿ ಅಮೆರಿಕದ ಸರ್ಜನ್ ಸ್ವಾನ್ಸನ್ ಸಿಲಿಕೋನ್ ಕೀಲು ತಂದರು. ಮೊದಲು ಚೆನ್ನಾಗಿತ್ತು, ಆಮೇಲೆ ಮುರಿಯತೊಡಗಿತು, ಸವೆದ ಪುಡಿಯಿಂದ ಕೀಲಿನೊಳಗೆ ಊತ ಬೇರೆ. 1970ರ ದಶಕದಲ್ಲಿ ಬಂದದ್ದು ಬಟ್ಟಲಲ್ಲಿ ಗುಂಡು ಕೂರಿಸಿದಂಥ ಲೋಹದ ಕೀಲು. ಗುಂಡಿನ ನಡುಬಿಂದು ಸ್ವಲ್ಪ ಆಚೀಚೆ ಆದರೂ ಸ್ನಾಯುಗಳು ಕೈಯನ್ನು ಕಿರುಬೆರಳಿನ ಕಡೆಗೆ ಎಳೆದುಬಿಡುತ್ತಿದ್ದವು. ಈಗಿನ ಹಲವು ಮಾದರಿಗಳಲ್ಲಿ ಜಾರುವ ಮೈ ಮೊಟ್ಟೆಯಾಕಾರ, ಸ್ಕ್ರೂ ಹಾಕಿ ಬಿಗಿಯುತ್ತಾರೆ, ಮೂಳೆಯನ್ನೂ ಕಮ್ಮಿ ಕತ್ತರಿಸುತ್ತಾರೆ. ಕೀಲು ತಪ್ಪೋದು ಕಮ್ಮಿಯಾಗಿದೆ. ಸಡಿಲ ಆಗೋದು ಪೂರ್ತಿ ನಿಂತಿಲ್ಲ.

ಲೆಕ್ಕ ಬೇಕಾದರೆ, ಮಂಡಿ ಕೀಲುಗಳಲ್ಲಿ ಸುಮಾರು ಶೇ. 80ರಷ್ಟು 25 ವರ್ಷ ದಾಟುತ್ತವೆ. ಮಣಿಕಟ್ಟಿನಲ್ಲಿ ಹೊಸ ಮಾದರಿಯೊಂದರ ಒಳ್ಳೆ ವರದಿಯೆಂದರೆ 9 ವರ್ಷಕ್ಕೆ ಶೇ. 90ರಷ್ಟು ಉಳಿದಿದ್ದವು. ಬೇರೆ ಮಾದರಿಗಳಲ್ಲಿ ಇದಕ್ಕಿಂತ ತುಂಬಾ ಕಮ್ಮಿ ಬಂದದ್ದೂ ಇದೆ. ಕೆಟ್ಟರೆ ಕೊನೆಗೆ ಕೂಡಿಸೋದೇ ದಾರಿ. ಅಷ್ಟೊತ್ತಿಗೆ ಮೂಳೆ ಹೋಗಿರುತ್ತೆ, ಸೊಂಟದಿಂದಲೋ ಬೇರೆಲ್ಲಿಂದಲೋ ಮೂಳೆ ತಂದು ತುಂಬಬೇಕು.

"ಹಾಗಾದರೆ ಮೊದಲೇ ಕೂಡಿಸಿದರೆ ಆಯ್ತಲ್ವಾ?" ಅಂತ ನಾನೂ ಕೇಳಿದ್ದೆ. ಡಾಕ್ಟರ್ ತಿರುಗಿ ಕೇಳಿದ್ದು, "ಅಮ್ಮಾ, ನೀವು ತೊಳೆದುಕೊಳ್ಳೋದು ಯಾವ ಕೈಯಲ್ಲಿ?" ನಾಚಿಕೆಯಾಯಿತು. ಆದರೆ ಎರಡೂ ಕೈ ಮಡಚದೇ ಹೋದರೆ ಎಷ್ಟು ಕಷ್ಟ ಅಂತ ಆಗ ಹೊಳೆಯಿತು. ರವಿಕೆ ಹುಕ್ಕು, ಜಡೆ, ಕಿರಿದಾದ ಡಬ್ಬಿಯೊಳಗೆ ಕೈ ಹಾಕೋದು ಎಲ್ಲ ಹಾಗೇ. ಅದಕ್ಕೇ ಎಡಗೈಗೆ ಕೀಲು, ಬಲಗೈಗೆ ಪ್ಲೇಟ್.

ಕೂಡಿಸಿದ ಕೈ ಮರದ ಕೊರಡಾಗುತ್ತೆ ಅಂತ ಹೆದರಬೇಡಿ. ಬೆರಳು ಆಡುತ್ತವೆ. ಅಂಗೈ ಮೇಲೆ-ಕೆಳಗೆ ತಿರುಗಿಸಬಹುದು, ಬೀಗ ತೆಗೆಯಬಹುದು. ನಾನು ಅಕ್ಕಿರೊಟ್ಟಿ ತಟ್ಟೋದು ಈ ಕೈಯಲ್ಲೇ. ನೋವು ಪೂರ್ತಿ ಹೋಗಿದೆ. ಎಡಗೈಯಲ್ಲೂ ನೋವು ಕಮ್ಮಿ, ಮೊದಲಿನ ಅರ್ಧದಷ್ಟು ಮಡಚುತ್ತೆ, ಆದರೆ ಅದನ್ನು ಸಾಕಬೇಕು. ಪದೇ ಪದೇ ಎತ್ತೋದಾದರೆ 1 ಕೆ.ಜಿ., ಅಪರೂಪಕ್ಕೆ 4–5 ಕೆ.ಜಿ., ಅಷ್ಟೇ ಅಂದಿದ್ದಾರೆ. ತುಂಬಿದ ಕೊಡ ಎತ್ತೋ ಹಾಗಿಲ್ಲ, ಶಾವಿಗೆ ಒತ್ತೋ ಹಾಗಿಲ್ಲ, ನೆಲದಿಂದ ಅಂಗೈ ಊರಿ ಏಳೋ ಹಾಗಿಲ್ಲ.

ಅಮ್ಮನ ಮಂಡಿ ಹೇಗಿದೆ ಅಂತ ನೀವು ಬರೆದಿಲ್ಲ. ಕೋಲೋ ವಾಕರೋ ಹಿಡಿಯುವವರಾದರೆ, ಭಾರವೆಲ್ಲ ಆ ಕೈ ಮೇಲೇ ಬೀಳುತ್ತೆ. ಆ ಕೈಗೆ ಕೀಲು ಬೇಡ ಅಂತಲೇ ನನ್ನ ಅನಿಸಿಕೆ. ಆಪರೇಷನ್ ಮೊದಲು ಕೀಲುವಾತದ ಡಾಕ್ಟರನ್ನೂ ನೋಡಿ. ಮೆಥೋಟ್ರೆಕ್ಸೇಟ್‌ನಂಥ ಮಾತ್ರೆ ಸರಿಯಾಗಿ ಹಿಡಿದರೆ ಚಾಕುವಿನ ಮಾತು ಮುಂದಕ್ಕೆ ಹೋಗಬಹುದು. ಈ ಕೀಲನ್ನು ಕೂರಿಸುವವರು ಕಮ್ಮಿ, ನಾನು ಬೆಂಗಳೂರಿಗೆ ಹೋಗಬೇಕಾಯಿತು. ಸರ್ಜನ್ನನ್ನು ಎಷ್ಟು ಮಣಿಕಟ್ಟು ಮಾಡಿದ್ದೀರಿ, ಸಡಿಲವಾದರೆ ಏನು ಮಾಡುತ್ತೀರಿ ಅಂತ ಮುಖಕ್ಕೇ ಕೇಳಿ. ಬೇಸರ ಮಾಡಿಕೊಂಡರೆ ಬೇರೆಯವರನ್ನು ನೋಡಿ.

ಹೋದ ಸಲ ಹಾಸನದಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ನನ್ನ ಎಡಗೈಯ ಒಂದು ಸ್ಕ್ರೂ ಸುತ್ತ ತೆಳು ಕಪ್ಪು ಗೆರೆ ಕಂಡಿದೆ, ಸಡಿಲ ಆಗುತ್ತಿರಬಹುದು ಅನ್ನೋದರ ಸುಳಿವು. ನೋವಿಲ್ಲ. ಆರು ತಿಂಗಳು ಬಿಟ್ಟು ಮತ್ತೆ ಬನ್ನಿ ಅಂದಿದ್ದಾರೆ.