ತಿರುಗದೆ ನಿಂತ ಮೋಟರ್ ಯಾಕೆ ಸುಡುತ್ತದೆ?

(ಓದುಗರ ಪ್ರಶ್ನೆಗಳಿಗೆ ಈ ಸಲ ಉತ್ತರಿಸುತ್ತಿರುವವರು ತಿಪಟೂರಿನಲ್ಲಿ ಮೂವತ್ತು ವರ್ಷದಿಂದ ಮೋಟರ್ ವೈಂಡಿಂಗ್ ಅಂಗಡಿ ನಡೆಸುತ್ತಿರುವವರು.)

ಪ್ರಶ್ನೆ: ಹಿಟ್ಟು ರುಬ್ಬುವಾಗ ಮಿಕ್ಸಿಯಿಂದ ಸುಟ್ಟ ವಾಸನೆ ಬಂದು ನಿಂತು ಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ತಳದ ಕೆಂಪು ಬಟನ್ ಒತ್ತಿದರೆ ಮತ್ತೆ ಓಡುತ್ತದೆ. ಒಳಗೆ ನೀಲಿ ಕಿಡಿಯೂ ಕಾಣುತ್ತದೆ. ಮೋಟರ್ ಹೋಯ್ತಾ?
– ಗೃಹಿಣಿ, ಅರಸೀಕೆರೆ

ಇನ್ನೂ ಹೋಗಿಲ್ಲ ಅಕ್ಕ. ಹೋಗುವ ದಾರಿಯಲ್ಲಿದೆ.

ಮೊದಲು ಕಿಡಿ ವಿಚಾರ. ಮಿಕ್ಸಿಯಲ್ಲಿ ತಿರುಗುವ ಭಾಗದ ಸುರುಳಿಗೂ ಕರೆಂಟ್ ಕೊಡಬೇಕು. ತಿರುಗುವುದಕ್ಕೆ ವಯರ್ ಕಟ್ಟೋಕಾಗಲ್ಲ, ಸುತ್ತಿಕೊಂಡು ಹೋಗುತ್ತೆ. ಅದಕ್ಕೆ ಎರಡು ಕಾರ್ಬನ್ ತುಂಡುಗಳು ತಾಮ್ರದ ಪಟ್ಟಿಗಳಿಗೆ ಉಜ್ಜಿಕೊಂಡೇ ಕರೆಂಟ್ ದಾಟಿಸುತ್ತವೆ. ಜಾರ್ ಇಲ್ಲದೆ ಬಿಟ್ಟರೆ ಈ ಮೋಟರ್ ನಿಮಿಷಕ್ಕೆ 18,000 ಸುತ್ತಿನ ಹತ್ತಿರ ಹೋಗುತ್ತದೆ. ಅಷ್ಟು ಜೋರಿನ ಉಜ್ಜಾಟದಲ್ಲಿ ಸಣ್ಣ ನೀಲಿ ಕಿಡಿ ಮಾಮೂಲಿ. ಸುತ್ತಲೂ ಬಳೆ ಹಾಗೆ ಬೆಂಕಿ ಕಂಡರೆ ಮಾತ್ರ ಕಾರ್ಬನ್ ಸವೆದಿದೆ ಅಥವಾ ಒಳಗಿನ ಸುರುಳಿ ಕೆಟ್ಟಿದೆ ಅಂತ ಅರ್ಥ. ಕಾರ್ಬನ್ ಬದಲಿಸುವುದು ಚಿಕ್ಕ ಕೆಲಸ, ಹೆದರಬೇಡಿ.

ಇನ್ನು ವಾಸನೆ. ಮನೆಯಲ್ಲಿ ಮಕ್ಕಳ ಮುರಿದ ಆಟದ ಕಾರಿದ್ದರೆ ಅದರ ಪುಟ್ಟ ಮೋಟರ್ ತೆಗೆಯಿರಿ. ಶೆಲ್ ಬೇಡ. ಬೆರಳಲ್ಲಿ ಅದರ ಕಡ್ಡಿ ತಿರುಗಿಸಿ ನೋಡಿ. ಆಮೇಲೆ ಎರಡು ವಯರನ್ನೂ ಒಂದಕ್ಕೊಂದು ತಾಗಿಸಿ ಹಿಡಿದು ತಿರುಗಿಸಿ. ಈಗ ಬಿಗಿ ಅನ್ನಿಸುತ್ತದೆ, ಅಲ್ವಾ? ಯಾಕೆಂದರೆ ತಿರುಗುವಾಗ ಅದೇ ಕರೆಂಟ್ ಹುಟ್ಟಿಸುತ್ತಿದೆ. ಓಡುತ್ತಿರುವ ಮೋಟರ್ ಒಳಗೂ ಹೀಗೇ. ಹೊರಗಿಂದ ಬರುವ ಕರೆಂಟಿಗೆ ಎದುರಾಗಿ ಒಳಗಿಂದ ಒಂದು ತಳ್ಳಾಟ ಹುಟ್ಟಿ, ಜಾಸ್ತಿ ಕರೆಂಟ್ ನುಗ್ಗದ ಹಾಗೆ ತಡೆಯುತ್ತದೆ. ಹಿಟ್ಟು ಗಟ್ಟಿಯಾಗಿ ಬ್ಲೇಡ್ ನಿಧಾನವಾಯಿತೋ, ಆ ತಡೆ ಕಡಿಮೆಯಾಯಿತು. ಬ್ಲೇಡ್ ಪೂರ್ತಿ ಸಿಕ್ಕಿಕೊಂಡಿತೋ, ತಡೆಯೇ ಇಲ್ಲ. ಕರೆಂಟ್ ಸುರಿಯುತ್ತದೆ, ತಂತಿಯ ಮೇಲಿನ ವಾರ್ನಿಷ್ ಬೇಯುತ್ತದೆ. ನಿಮಗೆ ಬಂದ ವಾಸನೆ ಅದೇ.

ಇನ್ನೊಂದು ಮಾತು. ಮೋಟರನ್ನು ತಣ್ಣಗೆ ಇಡುವ ಫ್ಯಾನ್ ಅದೇ ಕಡ್ಡಿಯ ಮೇಲೆ ಕೂತಿದೆ. ಮೋಟರ್ ನಿಧಾನವಾದರೆ ಗಾಳಿಯೂ ಕಡಿಮೆ. ಕರೆಂಟ್ ಜಾಸ್ತಿಯಾದರೆ ಮೋಟರನ್ನು ನಿಲ್ಲಿಸುವುದೇ ಆ ಕೆಂಪು ಬಟನ್, ಅದು ಹೊರಗೆ ಬಂದಾಗಲೆಲ್ಲ ಸುಮ್ನೆ ಒತ್ತಿ ಮುಂದುವರಿಸಬೇಡಿ. ಅರ್ಧ ಹಿಟ್ಟು ತೆಗೆದು, ಸ್ವಲ್ಪ ನೀರು ಹಾಕಿ.

ಪ್ರಶ್ನೆ: ನಮ್ಮ ಹಾಸ್ಟೆಲ್ ಫ್ಯಾನ್ ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಕೋಲಿನಿಂದ ತಳ್ಳಿದರೆ ತಿರುಗುತ್ತದೆ. ಯಾವ ಕಡೆ ತಳ್ಳಿದರೆ ಆ ಕಡೆ! ಇದು ಹೇಗೆ?
– ಪಿಯುಸಿ ವಿದ್ಯಾರ್ಥಿ, ಹಾಸನ

ಒಳ್ಳೇದು ನೋಡಿದ್ದೀಯ ತಮ್ಮಾ. ಆದರೆ ಕೋಲಿನ ಆಟ ಬಿಡು, ರೆಕ್ಕೆ ಬಡಿದರೆ ಕಷ್ಟ.

ಫ್ಯಾನಿನಲ್ಲಿ ಕಾರ್ಬನ್ ಇಲ್ಲ. ತಿರುಗುವ ಭಾಗಕ್ಕೆ ವಯರೇ ಹೋಗಿಲ್ಲ. ಮಧ್ಯದಲ್ಲಿರುವ ಸುರುಳಿ ಅಲ್ಲಾಡುವುದಿಲ್ಲ, ಹೊರಗಿನ ಡಬ್ಬಿಯೇ ರೆಕ್ಕೆ ಹೊತ್ತು ಸುತ್ತುತ್ತದೆ. ಸುರುಳಿ ನಿಂತಲ್ಲೇ ಇದ್ದು ಅದರಲ್ಲಿ ಹುಟ್ಟುವ ಅಯಸ್ಕಾಂತದ ಸೆಳೆತ ಮಾತ್ರ ಸುತ್ತ ಓಡಿದರೆ ಡಬ್ಬಿಯೊಳಗಿನ ಅಲ್ಯೂಮಿನಿಯಂ ಸರಳುಗಳಲ್ಲಿ ಕರೆಂಟ್ ಹುಟ್ಟಿ ಅದೂ ಹಿಂದೆ ಓಡುತ್ತದೆ. ಎಂದೂ ಹಿಡಿಯುವುದಿಲ್ಲ. ಹಿಡಿದರೆ ಎಳೆತವೇ ನಿಂತು ಹೋಗುತ್ತದೆ! ಅಯಸ್ಕಾಂತ ನಿಮಿಷಕ್ಕೆ 1500 ಸುತ್ತು ಓಡುವ ಮೋಟರಿನ ಪ್ಲೇಟ್ ಮೇಲೆ 1440 ಅಂತ ಇರುವುದು ಈ ಹಿಂದುಳಿಯುವಿಕೆಗೆ. ಟೆಸ್ಲಾ 1888ರಲ್ಲಿ ಪೇಟೆಂಟ್ ಪಡೆದದ್ದು ಇಂಥ ಮೋಟರಿಗೇ.

ಆದರೆ ಮನೆಯ ಸಿಂಗಲ್ ಫೇಸ್ ಕರೆಂಟಿನಿಂದ ಅಯಸ್ಕಾಂತ ಸುತ್ತುವುದಿಲ್ಲ, ಇದ್ದಲ್ಲೇ ಉಯ್ಯಾಲೆ ಆಡುತ್ತದೆ. ಅದಕ್ಕೆ ಎಡ ಬಲ ಗೊತ್ತಿಲ್ಲ. ನೀನು ಯಾವ ಕಡೆ ತಳ್ಳಿದರೂ ಸರಿ ಅನ್ನುತ್ತದೆ. ಎರಡನೇ ಸುರುಳಿಗೆ ಕರೆಂಟನ್ನು ಸ್ವಲ್ಪ ಮುಂದೆ ಮಾಡಿ ಕೊಟ್ಟು ದಿಕ್ಕು ತೋರಿಸುವುದು ಕೆಪಾಸಿಟರ್. ಸಾಮಾನ್ಯವಾಗಿ 2.5 ಮೈಕ್ರೊಫ್ಯಾರಡ್‌ನದು. ನಿಮ್ಮದು ಸತ್ತಿದೆ. ವಾರ್ಡನ್‌ಗೆ ಹೇಳಿ ಎಲೆಕ್ಟ್ರಿಷಿಯನ್ ಕರೆಸು.

ಪ್ರಶ್ನೆ: ಒಂದೇ ಬೇಸಿಗೆಯಲ್ಲಿ ಬೋರಿನ ಮೋಟರ್ ಎರಡು ಸಲ ಸುಟ್ಟಿತು. ತಂತಿ ಕಳಪೆ ಹಾಕಿದ್ದಾರಾ?
– ತೆಂಗು ಬೆಳೆಗಾರ, ಚಿಕ್ಕನಾಯಕನಹಳ್ಳಿ ತಾಲ್ಲೂಕು

ಇರಬಹುದು ಅಣ್ಣಾ, ನಮ್ಮ ಕಸುಬಲ್ಲಿ ಅಂಥವರೂ ಇದ್ದಾರೆ. ಆದರೆ ಸುಟ್ಟ ಮೋಟರನ್ನು ಬಿಚ್ಚಿದಾಗ ನೀವು ಎದುರಿಗಿದ್ದಿರಾ? ಮುಂದಿನ ಸಲ ನಿಂತು ನೋಡಿ. ಎಲ್ಲಾ ಕಾಯಿಲೂ (ಸುರುಳಿಯೂ) ಒಂದೇ ಸಮ ಕಪ್ಪಾಗಿದ್ದರೆ ಲೋಡ್ ಜಾಸ್ತಿ ಅಥವಾ ವೋಲ್ಟೇಜ್ ಕಡಿಮೆ. ಸ್ಟಾರ್ ಕನೆಕ್ಷನ್, ಅಂದರೆ ಮೂರೂ ಫೇಸಿನ ಕಾಯಿಲಿನ ಒಂದೊಂದು ತುದಿ ಒಟ್ಟಿಗೆ ಕಟ್ಟಿದ ಮೋಟರಿನಲ್ಲಿ ಎರಡು ಫೇಸಿನ ಕಾಯಿಲ್ ಇದ್ದಿಲಾಗಿ, ಮೂರನೆಯದು ಹೊಸ ಬಿಂದಿಗೆ ಹಾಗೆ ಕೆಂಪಗಿದ್ದರೆ, ಓಡುವಾಗ ಒಂದು ಫೇಸ್ ಹೋಗಿದೆ. ನನ್ನ ಅಂಗಡಿಗೆ ಬೇಸಿಗೆಯಲ್ಲಿ ಬರುವುದರಲ್ಲಿ ಇದೇ ಜಾಸ್ತಿ.

ಮೂರು ಜನ ಹೊರುವ ಮರದ ದಿಮ್ಮಿಯಿಂದ ಒಬ್ಬ ಕೈ ಬಿಟ್ಟರೆ ಹೇಗೋ ಹಾಗೆ. ಓಡುತ್ತಿದ್ದ ಮೋಟರ್ ನಿಲ್ಲುವುದಿಲ್ಲ, ಉಳಿದ ಎರಡು ಫೇಸಿನಲ್ಲಿ ಒಂದೂ ಮುಕ್ಕಾಲು ಪಟ್ಟಿನಷ್ಟು ಕರೆಂಟ್ ಎಳೆದು ಓಡುತ್ತದೆ. ನಿಂತಿದ್ದ ಮೋಟರಾದರೆ ಹೊರಡುವುದೇ ಇಲ್ಲ. ಮೇಲೆ ಹೇಳಿದೆನಲ್ಲ, ತಿರುಗದ ಮೋಟರಿಗೆ ತಡೆ ಇಲ್ಲ. ಐದಾರು ಪಟ್ಟು ಎಳೆದು ನಿಂತಲ್ಲೇ ಬೇಯುತ್ತದೆ.

ನಾನೇನು ಬುದ್ಧಿವಂತನಲ್ಲ. ನಮ್ಮ ತೋಟದ ಐದು ಎಚ್‌ಪಿ ಮೋಟರನ್ನು, ಕರೆಂಟ್ ಬಂದಾಗ ತಾನೇ ಹೊರಡಿಸುವ ಆಟೋ ಸ್ಟಾರ್ಟರ್‌ಗೆ ಬಿಟ್ಟು ಮದುವೆಗೆ ಹೋಗಿದ್ದೆ. ಸ್ಟಾರ್ಟರ್ ಪದೇ ಪದೇ ಬೀಳುತ್ತದೆ ಅಂತ, ಕರೆಂಟ್ ಜಾಸ್ತಿಯಾದರೆ ಮೋಟರ್ ನಿಲ್ಲಿಸುವ ರಿಲೇಯ ತಿರುಪನ್ನು ಪೂರ್ತಿ ಮೇಲಕ್ಕೆ ಏರಿಸಿದ್ದವನೂ ನಾನೇ. ರಾತ್ರಿ ಎರಡೇ ಫೇಸ್ ಬಂದಿದೆ. ಬೆಳಿಗ್ಗೆ ಬಂದು ನೋಡಿದರೆ ನೀರಿಲ್ಲ. ಪೈಪು ಎತ್ತುವ ಕೂಲಿ, ತಂತಿ, ಎಲ್ಲಾ ನನ್ನ ಜೇಬಿಂದಲೇ. ಅಂಗಡಿ ಹುಡುಗರು ಒಂದು ವಾರ ನಕ್ಕರು.

ಈಗ ನೀವು ಮಾಡಬೇಕಾದ್ದು ಇಷ್ಟು. ಸ್ಟಾರ್ಟರ್‌ಗೆ, ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿ. ರಿಲೇಯನ್ನು ಮೋಟರ್ ಪ್ಲೇಟಿನಲ್ಲಿರುವ ಆಂಪಿಯರ್‌ಗೇ ಇಡಿಸಿ, ಅದು ಬೀಳುತ್ತಿದ್ದರೆ ರಿಲೇಯನ್ನು ಬೈಯಬೇಡಿ. ಬೋರಿನಲ್ಲಿ ನೀರು ಕೆಳಗೆ ಹೋಗಿದ್ದರೆ ಡ್ರೈ ರನ್ (ನೀರಿಲ್ಲದೆ ಓಡುವುದು) ತಡೆಯುವುದನ್ನೂ ಸೇರಿಸಿ, ನೀರೊಳಗೆ ಮುಳುಗಿರುವ ಸಬ್‌ಮರ್ಸಿಬಲ್ ಮೋಟರ್ ತಣ್ಣಗಾಗುವುದೇ ಸುತ್ತಲಿನ ನೀರಿನಿಂದ. ಇಷ್ಟಾದ ಮೇಲೂ ಸುಟ್ಟರೆ, ಸುಟ್ಟ ಕಾಯಿಲನ್ನು ಒಂದು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಬನ್ನಿ, ಬಣ್ಣ ನೋಡಿ ಹೇಳುತ್ತೇನೆ.