ಸಂಪಾದಕರ ಉತ್ತರ: ಅಪ್ಪನ ಹೆಸರು, ಮಗನ ಪೆಟ್ಟು

ನಿಮ್ಮ ಪತ್ರ ಬಂತು. ಹೆಸರು ಹಾಕಬೇಡಿ ಅಂತ ಕೆಳಗೆ ಎರಡು ಗೆರೆ ಎಳೆದು ಬರೆದಿದ್ದೀರಿ. ಹಾಕುವುದಿಲ್ಲ. ಹೋದ ಸಂಚಿಕೆಯಲ್ಲಿ ಅಮೆರಿಕದ ರೆಸ್ಲರ್ ಕೋಡಿ ರೋಡ್ಸ್ ಬಗ್ಗೆ ಬಂದ ಲೇಖನ ನಿಮಗೆ ಸಿಟ್ಟು ತರಿಸಿದೆ. "ಅಪ್ಪ ದೊಡ್ಡ ರೆಸ್ಲರ್, ಮಗನೂ ಆದ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು. ಅದೂ ಗೆಲ್ಲುವವರು ಯಾರೆಂದು ಮೊದಲೇ ಬರೆದಿಟ್ಟ ಆಟ. ಇದಕ್ಕೆ ನಾಲ್ಕು ಪುಟ ಬೇಕಿತ್ತೇ?" ಎಂದು ಕೇಳಿದ್ದೀರಿ. ಹೈಸ್ಕೂಲು ಓದುವ ಮಗ ಪುಸ್ತಕ ಮುಚ್ಚಿಟ್ಟು ಇದನ್ನೇ ನೋಡುತ್ತಾ ಕೂರುತ್ತಾನೆ ಎಂಬ ದೂರೂ ಕೊನೆಯಲ್ಲಿದೆ.

ಮೊದಲು ಒಪ್ಪುವುದನ್ನು ಒಪ್ಪಿಬಿಡುತ್ತೇನೆ. ಹೌದು, ಅಪ್ಪನ ಹೆಸರು ಬಾಗಿಲು ತೆರೆಸುತ್ತದೆ. ಕೋಡಿ 2007ರಲ್ಲಿ ಅಮೆರಿಕದ ಅತಿ ದೊಡ್ಡ ರೆಸ್ಲಿಂಗ್ ಕಂಪನಿಯಾದ ಡಬ್ಲ್ಯುಡಬ್ಲ್ಯುಇಯ ಟಿವಿ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಾಗ ಅವನಿಗೆ ಇಪ್ಪತ್ತೆರಡು ವರ್ಷ. ಯಾರ ಮಗನೂ ಅಲ್ಲದ ಹುಡುಗರು ಆ ವಯಸ್ಸಿನಲ್ಲಿ ಯಾವುದೋ ಊರಿನ ಶಾಲೆಯ ಜಿಮ್ಮಿನಲ್ಲಿ ಐವತ್ತು ಜನರ ಮುಂದೆ ಬಿದ್ದು ಏಳುತ್ತಿರುತ್ತಾರೆ. ಅದು ಅನ್ಯಾಯವೇ. ಇಷ್ಟು ನಿಮಗೆ ಬಿಟ್ಟುಕೊಟ್ಟೆ. ಇನ್ನು ನನ್ನ ಸರದಿ.

ಅಪ್ಪ ಯಾರು ಅಂತ ನೋಡಿ. ಡಸ್ಟಿ ರೋಡ್ಸ್ ಟೆಕ್ಸಾಸ್‌ನ ಒಬ್ಬ ಪ್ಲಂಬರ್‌ನ ಮಗ. ಡೊಳ್ಳು ಹೊಟ್ಟೆ, ಗುಂಗುರು ಕೂದಲು, ತೊದಲಿದಂತೆ ಕೇಳಿಸುವ ಮಾತು. ಮೈಕಟ್ಟು ನೋಡಿ ಯಾರೂ ರೆಸ್ಲರ್ ಅನ್ನುತ್ತಿರಲಿಲ್ಲ. ಆದರೆ ಮೈಕ್ ಹಿಡಿದರೆ ಜನ ಮಂತ್ರ ಹಾಕಿದವರ ಹಾಗೆ ಕೂರುತ್ತಿದ್ದರು. 1985ರಲ್ಲಿ ರಿಕ್ ಫ್ಲೇರ್ ವಿರುದ್ಧ ಅವನು ಮಾಡಿದ 'ಹಾರ್ಡ್ ಟೈಮ್ಸ್' ಭಾಷಣವನ್ನು ಜನ ಇವತ್ತಿಗೂ ಹುಡುಕಿ ನೋಡುತ್ತಾರೆ. ಬಟ್ಟೆ ಮಿಲ್ಲಿನಲ್ಲಿ, ಕಾರು ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡವರ ಕಷ್ಟವನ್ನು ಅವನು ಹೇಳಿದ್ದು ಕುಸ್ತಿಯ ಜಾಹೀರಾತಿನಲ್ಲಿ! ಎದುರಾಳಿ ರೋಲೆಕ್ಸ್ ಕಟ್ಟಿ ರೇಷ್ಮೆ ನಿಲುವಂಗಿ ಹಾಕುವವನು, ನಾನು ನಿಮ್ಮವನು ಎನ್ನುವ ಲೆಕ್ಕ. ಅವನ ಬಿರುದೇ 'ಅಮೆರಿಕನ್ ಡ್ರೀಮ್'.

ಹಲವು ರೆಸ್ಲಿಂಗ್ ಕಂಪನಿಗಳ ಒಕ್ಕೂಟವಾಗಿದ್ದ ಎನ್‌ಡಬ್ಲ್ಯುಎಯ ವಿಶ್ವ ಪಟ್ಟವನ್ನು ಡಸ್ಟಿ ಮೂರು ಸಲ ಗೆದ್ದ: 1979, 1981, 1986. ಮುಂದೆ ಡಬ್ಲ್ಯುಡಬ್ಲ್ಯುಇ ಆದ ನ್ಯೂಯಾರ್ಕ್ ಕಂಪನಿಯ ಪಟ್ಟ ಮಾತ್ರ ಸಿಗಲಿಲ್ಲ. 1977ರಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸೂಪರ್‌ಸ್ಟಾರ್ ಬಿಲ್ಲಿ ಗ್ರಹಾಂನನ್ನು ಸೋಲಿಸಿದ. ಬೆಲ್ಟ್ ಕೈಗೂ ಬಂತು. ಆದರೆ ಗ್ರಹಾಂ ರಿಂಗಿನ ಹೊರಗೆ ಬಿದ್ದು ಎಣಿಕೆ ಮುಗಿದದ್ದರಿಂದ ಬಂದ ಗೆಲುವು ಅದು. ಹಾಗೆ ಗೆದ್ದರೆ ಪಟ್ಟ ಕೈ ಬದಲಾಗುವುದಿಲ್ಲ ಎಂಬುದು ನಿಯಮ. ವಾಪಸು ಕೊಡಬೇಕಾಯಿತು. (ಮುಂದೆ ತಾನೇ ಪಂದ್ಯಗಳ ಕಥೆ ಹೆಣೆಯುವವನಾದಾಗ, ಗೆಲುವು ಕೊಟ್ಟಂತೆ ಮಾಡಿ ಕಿತ್ತುಕೊಳ್ಳುವ ತಂತ್ರವನ್ನು ಎಷ್ಟು ಬಳಸಿದನೆಂದರೆ ಅದಕ್ಕೆ 'ಡಸ್ಟಿ ಫಿನಿಶ್' ಎಂದೇ ಹೆಸರು ಬಿತ್ತು.)

ಇಂಥವನ ಮಗ ಆಗುವುದು ಸುಖ ಅಂತೀರಾ? ಕೋಡಿ ಹೈಸ್ಕೂಲಿನಲ್ಲಿ ಹೆಣಗಿದ್ದು ನಿಜದ ಕುಸ್ತಿಯಲ್ಲಿ. ಅಲ್ಲಿ ಕಥೆ ಬರೆಯುವವರಿಲ್ಲ, ಅಪ್ಪನ ಹೊಟ್ಟೆ ನೋಡಿ ಅಂಕ ಕೊಡುವವರಿಲ್ಲ. 2003ರಲ್ಲಿ ಜಾರ್ಜಿಯಾ ರಾಜ್ಯದ 189 ಪೌಂಡ್ ವಿಭಾಗದಲ್ಲಿ ಚಾಂಪಿಯನ್ ಆದ. ಈ ಮಾತನ್ನು ಲೇಖನದಲ್ಲೂ ಹಾಕಿದ್ದೆವು. ನೀವು ಅದನ್ನು ಹಾರಿಸಿ ಓದಿದ್ದೀರಿ ಅಂತ ನನಗೆ ಅನುಮಾನ.

ಡಬ್ಲ್ಯುಡಬ್ಲ್ಯುಇಯಲ್ಲಿ ಅವನು ಒಂಬತ್ತು ವರ್ಷ ಇದ್ದ. ಮಧ್ಯದ ಮೆಟ್ಟಿಲಲ್ಲೇ ನಿಂತ. ಕೊನೆಗೆ ಮುಖಕ್ಕೆ ಬಣ್ಣ ಬಳಿದು, ಮೈತುಂಬ ಬಿಗಿ ಬಟ್ಟೆ ತೊಡಿಸಿ 'ಸ್ಟಾರ್‌ಡಸ್ಟ್' ಅಂತ ಹಾವಿನ ಹಾಗೆ ಬುಸುಗುಟ್ಟುವ ವೇಷ ಕೊಟ್ಟರು. 2015ರ ಜೂನ್‌ನಲ್ಲಿ ಅಪ್ಪ ತೀರಿಕೊಂಡ. ಮರುವರ್ಷ ಮಗ ಕೆಲಸ ಬಿಟ್ಟು ಹೊರಬಿದ್ದ. ಈಗ ಕೇಳಿ, ನನ್ನ ಮಟ್ಟಿಗೆ ಇಡೀ ಕಥೆಯ ಜೀವ ಇಲ್ಲಿದೆ. ಹೊರಬಂದವನಿಗೆ 'ಕೋಡಿ ರೋಡ್ಸ್' ಎಂದು ಕರೆದುಕೊಳ್ಳುವ ಹಕ್ಕು ಇರಲಿಲ್ಲ. ಆ ಹೆಸರಿನ ಟ್ರೇಡ್‌ಮಾರ್ಕ್ ಕಂಪನಿಯದು. ನಾಲ್ಕು ವರ್ಷಕ್ಕೂ ಜಾಸ್ತಿ ಪೋಸ್ಟರುಗಳಲ್ಲಿ ಬರೀ 'ಕೋಡಿ'. ಅಪ್ಪನ ಹೆಸರಿನಿಂದ ಬದುಕಿದವನು ಎಂದು ನೀವು ಹಂಗಿಸುವ ಮನುಷ್ಯ ಅಪ್ಪನ ಹೆಸರಿಲ್ಲದೆ ದುಡಿದದ್ದು ಆ ವರ್ಷಗಳಲ್ಲೇ. 2020ರಲ್ಲಷ್ಟೇ ಅದು ವಾಪಸು ಸಿಕ್ಕಿತು.

ಆ ಬರೀ ಕೋಡಿ ಏನು ಮಾಡಿದ? ಡಬ್ಲ್ಯುಡಬ್ಲ್ಯುಇ ಹೊರಗಿನ ಕಂಪನಿ ಒಂದು ಪ್ರದರ್ಶನಕ್ಕೆ ಹತ್ತು ಸಾವಿರ ಜನ ಸೇರಿಸುವುದು ಸದ್ಯಕ್ಕೆ ಆಗದ ಮಾತು ಎಂದು ಡೇವ್ ಮೆಲ್ಟ್ಜರ್ ಎಂಬ ಪತ್ರಕರ್ತ ಹೇಳಿದ್ದ. ಪಣ ಒಪ್ಪಿದೆ ಅಂದ ಕೋಡಿ. ಯಂಗ್ ಬಕ್ಸ್ ಎಂಬ ಅಣ್ಣತಮ್ಮಂದಿರ ಜೊತೆ ಸೇರಿ 2018ರ ಸೆಪ್ಟೆಂಬರ್ 1ರಂದು ಶಿಕಾಗೊ ಹತ್ತಿರ 'ಆಲ್ ಇನ್' ನಡೆಸಿದ. ಟಿಕೆಟ್ ಅರ್ಧ ಗಂಟೆಯಲ್ಲಿ ಖಾಲಿ. ಅದೇ ರಾತ್ರಿ ನಿಕ್ ಆಲ್ಡಿಸ್‌ನನ್ನು ಸೋಲಿಸಿ ಎನ್‌ಡಬ್ಲ್ಯುಎ ಪಟ್ಟ ಗೆದ್ದ, ಅಪ್ಪ ಮೂರು ಸಲ ಗೆದ್ದಿದ್ದ ಅದೇ ಪಟ್ಟ.

ಮೊದಲೇ ಬರೆದಿಟ್ಟ ಆಟ ಎಂದಿರಲ್ಲ. ಫಲಿತಾಂಶ ಬರೆದಿಟ್ಟದ್ದು, ಒಪ್ಪಿದೆ. ಟಿಕೆಟ್ ಕೊಳ್ಳುವ ಕೈಯನ್ನು ಯಾರು ಬರೆದಿಡುತ್ತಾರೆ? ನ್ಯಾಶ್‌ವಿಲ್‌ನಲ್ಲಿ ನಿಕ್ ಗುಲಾಸ್ ಎಂಬ ಪ್ರಮೋಟರ್ ಇದ್ದ. ಮಗ ಜಾರ್ಜ್‌ನನ್ನು ಮೇಲಿನ ಸ್ಥಾನಕ್ಕೆ ತಳ್ಳಿದ್ದೇ ತಳ್ಳಿದ್ದು. ಜನ ಮೆಚ್ಚಲಿಲ್ಲ. ಜೊತೆಗಿದ್ದ ಜೆರ್ರಿ ಜ್ಯಾರೆಟ್ 1977ರಲ್ಲಿ ಬೇರೆಯಾಗಿ ತನ್ನದೇ ಕಂಪನಿ ಕಟ್ಟಿದ. ಅಪ್ಪ ಬಾಗಿಲು ತೆರೆದು ಕುರ್ಚಿ ಹಾಕಿಕೊಡಬಹುದು. ಚಪ್ಪಾಳೆ ಹೊಡೆಸಲಾಗುವುದಿಲ್ಲ.

ಇನ್ನೊಂದು ಪ್ರಶ್ನೆ. 2024ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದ ರೆಸಲ್‌ಮೇನಿಯಾದಲ್ಲಿ, ಅಂದರೆ ಡಬ್ಲ್ಯುಡಬ್ಲ್ಯುಇಯ ವರ್ಷದ ದೊಡ್ಡ ಪ್ರದರ್ಶನದಲ್ಲಿ, ಆ ಕಂಪನಿಗೆ ಮರಳಿದ್ದ ಕೋಡಿ ಸೋಲಿಸಿದ್ದು ಯಾರನ್ನು? ರೋಮನ್ ರೇನ್ಸ್‌ನನ್ನು. ಅವನ ಅಪ್ಪ ಸೀಕಾ, ವೈಲ್ಡ್ ಸಮೋವನ್ಸ್ ಎಂಬ ರೆಸ್ಲಿಂಗ್ ಜೋಡಿಯಲ್ಲೊಬ್ಬ. ಆ ಪಂದ್ಯದ ಜಾಗಕ್ಕೆ ಮಧ್ಯೆ ಬಂದು ನಿಂತ ದಿ ರಾಕ್‌ಗೆ ಅಪ್ಪ ರಾಕಿ ಜಾನ್ಸನ್, ತಾತ ಪೀಟರ್ ಮೈವಿಯಾ. ಎಲ್ಲರೂ ಮಕ್ಕಳೇ, ಮೊಮ್ಮಕ್ಕಳೇ. ಫೆಬ್ರುವರಿಯಲ್ಲಿ ರೇನ್ಸ್ ಎದುರು ರಾಕ್ ನಿಲ್ಲುತ್ತಾನೆ ಎಂಬಂತೆ ತೋರಿಸಿದಾಗ ಜನ ದೊಡ್ಡ ಗಲಾಟೆ ಎಬ್ಬಿಸಿದರು, 'ನಮಗೆ ಕೋಡಿ ಬೇಕು' ಎಂದು. ಕಂಪನಿ ದಾರಿ ಬದಲಿಸಿತು. ಚಾಂಪಿಯನ್ ಆಗಿ ರೇನ್ಸ್‌ನ 1,316 ದಿನಗಳ ಆಳ್ವಿಕೆ ಮುಗಿಯಿತು. ಡಸ್ಟಿ ಆ ಹೊತ್ತಿಗೆ ಇಲ್ಲವಾಗಿ ಎಂಟು ವರ್ಷ ದಾಟಿತ್ತು. ಯಾರ ಶಿಫಾರಸು ಅಂತೀರಿ?

ಸ್ವಲ್ಪ ಸ್ವಂತ ವಿಷಯ, ಕ್ಷಮಿಸಿ. ನನ್ನ ತಂದೆ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು. ನಾನು ಪತ್ರಿಕೆಗೆ ಸೇರಿದ ದಿನ ಹಿರಿಯರೊಬ್ಬರು "ಓ, ಅವರ ಮಗನಾ!" ಎಂದು ನಕ್ಕು ನನ್ನ ಬರಹವನ್ನು ಓದದೆ ಪಕ್ಕಕ್ಕಿಟ್ಟರು. ಪಕ್ಕಕ್ಕಿಟ್ಟ ಆ ಸದ್ದು ಇನ್ನೂ ಕಿವಿಯಲ್ಲಿದೆ. ಈಗ ನನ್ನ ಮೇಜಿಗೆ ಬರುವ ಪತ್ರಗಳದ್ದೂ ಅದೇ ಪಾಡು. ಲೇಖಕಿ ಯಾರ ಸೊಸೆ, ಕವಿ ಯಾರ ಶಿಷ್ಯ, ಗಾಯಕನ ಮಾವ ಯಾರು. ಪದ್ಯದ ಮೂರನೇ ಸಾಲು ಎಡವಿದೆ ಎಂದು ಒಬ್ಬರೂ ಬರೆಯುವುದಿಲ್ಲ. ಸಂಬಂಧ ಪತ್ತೆ ಹಚ್ಚಿದರೆ ಸಾಕು, ಕೆಲಸ ನೋಡುವ ಶ್ರಮ ಉಳಿಯಿತು. ನಿಮ್ಮದು ಅಂಥ ಪತ್ರವಲ್ಲ, ನೀವು ನಾಲ್ಕು ಪುಟ ಓದಿ ಜಗಳಕ್ಕೆ ಬಂದಿದ್ದೀರಿ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕೊನೆಗೆ ನಿಮ್ಮ ಮಗನ ವಿಷಯ. 2022ರ ಜೂನ್‌ನ 'ಹೆಲ್ ಇನ್ ಎ ಸೆಲ್' ಎಂಬ ಪಂಜರದೊಳಗಿನ ಪಂದ್ಯವನ್ನು ಅವನ ಪಕ್ಕ ಕೂತು ನೋಡಿ. ಪೂರ್ತಿ ಬೇಡ, ಮೊದಲ ಐದು ನಿಮಿಷ ಸಾಕು. ಕೋಡಿ ಕೋಟು ಹಾಕಿಕೊಂಡು ಬರುತ್ತಾನೆ. ಬಿಚ್ಚುತ್ತಾನೆ. ಎದೆಯ ಬಲಭಾಗದಿಂದ ತೋಳಿನವರೆಗೆ ನೇರಳೆ ಹಣ್ಣು ಅರೆದು ಬಳಿದ ಹಾಗೆ ಕಪ್ಪಿಟ್ಟಿದೆ. ಅಭ್ಯಾಸ ಮಾಡುವಾಗ ಎದೆಯ ಸ್ನಾಯು ಕಿತ್ತುಬಂದಿತ್ತು. ಜನ ಹೋ ಎಂದು ಕೂಗುವುದನ್ನೇ ಮರೆತು ಉಸಿರೆಳೆದುಕೊಳ್ಳುತ್ತಾರೆ. ಅದೇ ಮೈಯಲ್ಲಿ ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಆಡಿದ. ಎದುರಾಳಿ ಸೆತ್ ರಾಲಿನ್ಸ್ ತೊಟ್ಟಿದ್ದು ಕಪ್ಪು ಬಟ್ಟೆ, ಅದರ ಮೇಲೆ ಹಳದಿ ಚುಕ್ಕಿ.

ಆ ಚುಕ್ಕಿ ಯಾಕೆ ಅಂತ ನಾನು ಹೇಳುವುದಿಲ್ಲ. ನಿಮ್ಮ ಮಗನನ್ನೇ ಕೇಳಿ. ಅವನಿಗೆ ಗೊತ್ತಿರುತ್ತದೆ.