ಅಂತಸ್ತಿನ ಅಳತೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಸಾಮಾಜಿಕ ಶ್ರೇಣೀಕರಣ ಮತ್ತು ವರ್ಗ ಅಸಮಾನತೆಯ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ವರ್ಗ, ಅಂತಸ್ತು, ಅಧಿಕಾರ ಮೂರೂ ಬೇರೆ ಬೇರೆ ಎಂದು ಮ್ಯಾಕ್ಸ್ ವೇಬರ್ ಹೇಳಿದ್ದನ್ನು ಪಠ್ಯದಲ್ಲಿ ಓದಿದೆ. ನಮ್ಮೂರಲ್ಲಿ ಮೂರೂ ಒಂದೇ ಮನೆತನದ ಕೈಯಲ್ಲಿವೆ. ಹಾಗಿದ್ದ ಮೇಲೆ ಬಿಡಿಸಿ ನೋಡುವುದೇಕೆ?
(ಬಿ.ಎ. ವಿದ್ಯಾರ್ಥಿನಿ, ತುಮಕೂರು)

ಉತ್ತರ: ಮೂರೂ ಒಂದೇ ಮನೆಯಲ್ಲಿ ಇರಬಹುದು, ಇರಲೇಬೇಕೆಂದಿಲ್ಲ. ಜರ್ಮನ್ ಸಮಾಜಶಾಸ್ತ್ರಜ್ಞ ವೇಬರ್ ಹೇಳಿದ್ದು ಇಷ್ಟೇ. ಬಿಡಿಸಿ ನೋಡದಿದ್ದರೆ ಅವು ಯಾವಾಗ ಬೇರೆಯಾದವು ಎಂಬುದು ಗೊತ್ತೇ ಆಗುವುದಿಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ಮಾಡಿ, ಅದನ್ನು ‘ರಾಂಪುರ’ ಎಂದು ಕರೆದರು. ಅಲ್ಲಿ ಮಡಿ ಆಚಾರದ ಲೆಕ್ಕದಲ್ಲಿ ಬ್ರಾಹ್ಮಣರು, ಲಿಂಗಾಯತರು ಮೇಲೆ. ಆದರೆ ಜಮೀನು, ಜನಬಲ, ಊರ ನ್ಯಾಯ ತೀರ್ಮಾನ ಎಲ್ಲವೂ ಒಕ್ಕಲಿಗ ಮುಖಂಡರ ಕೈಯಲ್ಲಿ. ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಗೆ ಈ ಹಳ್ಳಿಯೇ ಆಧಾರ. ಇನ್ನೊಬ್ಬ ಸಮಾಜಶಾಸ್ತ್ರಜ್ಞ ಆಂದ್ರೆ ಬೆತೆಯ್ 1960ರ ದಶಕದ ಆರಂಭದಲ್ಲಿ ತಂಜಾವೂರಿನ ಹಳ್ಳಿಯೊಂದರಲ್ಲಿ ಇದರದೇ ಇನ್ನೊಂದು ರೂಪ ಕಂಡರು: ಬ್ರಾಹ್ಮಣರಲ್ಲಿ ಗೌರವವೂ ಸಾಕಷ್ಟು ಜಮೀನೂ ಉಳಿದಿದ್ದವು, ಪಂಚಾಯಿತಿಯ ಅಧಿಕಾರ ಮಾತ್ರ ಬ್ರಾಹ್ಮಣೇತರರ ಕಡೆ ಸರಿದಿತ್ತು. ನಿಮ್ಮೂರಲ್ಲೂ ಕೇಳಿ ನೋಡಿ. ಹೆಚ್ಚು ಜಮೀನು ಯಾರದ್ದು, ಯಾರ ಮನೆ ಊಟ ಯಾರು ಉಣ್ಣುವುದಿಲ್ಲ, ಕಳೆದ ಮೂರು ಚುನಾವಣೆಗಳಲ್ಲಿ ಪಂಚಾಯಿತಿ ಅಧ್ಯಕ್ಷಗಿರಿ ಯಾರಿಗೆ ಹೋಯಿತು? ಮೂರಕ್ಕೂ ಒಂದೇ ಹೆಸರು ಬಂದರೆ ಅದೂ ಒಂದು ಫಲಿತಾಂಶವೇ.

ಪ್ರಶ್ನೆ: ಪ್ರಾಜೆಕ್ಟಿಗೆಂದು ಹಳ್ಳಿಯಲ್ಲಿ 60 ಮನೆಗಳ ಸಮೀಕ್ಷೆ ಮಾಡಿದೆ. ಬಿ.ಜಿ. ಪ್ರಸಾದ್ ಮಾಪನ ಬಳಸಿದರೆ ಹೆಚ್ಚುಕಡಿಮೆ ಎಲ್ಲ ಮನೆಗಳೂ ಒಂದನೇ ವರ್ಗಕ್ಕೆ ಬಂದವು. ಕೂಲಿ ಮಾಡುವವರೂ ಮೇಲ್ವರ್ಗವೆಂದರೆ ಗೈಡ್ ನಗುತ್ತಾರೆ. ತಪ್ಪೆಲ್ಲಿ?
(ಬಿ.ಎಸ್ಸಿ. ನರ್ಸಿಂಗ್, ಬಾಗಲಕೋಟೆ)

ಉತ್ತರ: ಬಹುಶಃ ಬೆಲೆ ಸೂಚ್ಯಂಕದ ಲೆಕ್ಕದಲ್ಲಿ. ಪ್ರಸಾದ್ ಮಾಪನ 1961ರದ್ದು. ಕುಟುಂಬದ ತಿಂಗಳ ಆದಾಯವನ್ನು ಮನೆಮಂದಿಯ ಸಂಖ್ಯೆಯಿಂದ ಭಾಗಿಸಿ, ತಲಾ 100 ರೂಪಾಯಿ ಮತ್ತು ಮೇಲ್ಪಟ್ಟಿದ್ದರೆ ಒಂದನೇ ವರ್ಗ, 50ರಿಂದ 99 ಎರಡು, 30ರಿಂದ 49 ಮೂರು, 15ರಿಂದ 29 ನಾಲ್ಕು, ಅದಕ್ಕೂ ಕೆಳಗೆ ಐದು ಎಂದು ಆಗ ಗೊತ್ತುಮಾಡಿದ್ದರು. ಈ ಗಡಿಗಳನ್ನು ಇಂದಿನ ರೂಪಾಯಿಗೆ ತರಲು ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕ ಬೇಕು. ಎಡವುವುದು ಇಲ್ಲೇ. ಈಗಿನ ಸೂಚ್ಯಂಕದಲ್ಲಿ 2016ನ್ನು 100 ಎಂದು ಹಿಡಿದಿದ್ದಾರೆ, 1960ನ್ನಲ್ಲ. ಹಿಂದಿನ ಸರಣಿಗಳಿಗೆ ಜೋಡಿಸುವ ಗುಣಕಗಳು ಮೂರು: 2.88, 4.63, 4.93. ಇವನ್ನು ಬಿಟ್ಟು ಸೂಚ್ಯಂಕ 140 ಎಂದ ಕೂಡಲೇ 1.4ರಿಂದ ಗುಣಿಸಿದರೆ ಒಂದನೇ ವರ್ಗದ ಗಡಿ 140 ರೂಪಾಯಿಗೆ ನಿಲ್ಲುತ್ತದೆ. ತಲೆಗೆ 140 ರೂಪಾಯಿ ಯಾರ ಮನೆಯಲ್ಲಿ ಬರುವುದಿಲ್ಲ?

ಸರಿಯಾದ ಲೆಕ್ಕ ಹೀಗೆ: 140 × 2.88 × 4.63 × 4.93 ÷ 100, ಅಂದರೆ ಸುಮಾರು 92. ಹಳೆಯ ಗಡಿಗಳನ್ನು ಇದರಿಂದ ಗುಣಿಸಿದರೆ 9,203, 4,602, 2,761, 1,381 ರೂಪಾಯಿ ಬರುತ್ತವೆ. 140 ಎಂಬುದು ಉದಾಹರಣೆಗೆ ಹಿಡಿದ ಅಂಕಿ. ನೀವು ಸಮೀಕ್ಷೆ ಮಾಡಿದ ತಿಂಗಳ ಸೂಚ್ಯಂಕವನ್ನು ಲೇಬರ್ ಬ್ಯೂರೋ ಪ್ರಕಟಣೆಯಿಂದ ತೆಗೆದುಕೊಂಡು, ಯಾವ ತಿಂಗಳದ್ದು ಎಂಬುದನ್ನು ವರದಿಯಲ್ಲಿ ನಮೂದಿಸಿ.

ಇಷ್ಟು ಸರಿಮಾಡಿಕೊಂಡರೂ ಇನ್ನೊಂದು ತಪ್ಪು ಉಳಿದಿರುತ್ತದೆ, ಅದು ಪ್ರಶ್ನೆ ಕೇಳುವ ರೀತಿಯಲ್ಲಿ. ‘ತಿಂಗಳಿಗೆ ಆದಾಯ ಎಷ್ಟು?’ ಎಂದು ಬಾಗಿಲಲ್ಲಿ ನಿಂತು ಕೇಳಿದರೆ ಗಂಡನ ದುಡಿಮೆ ಒಂದನ್ನೇ ಹೇಳುತ್ತಾರೆ. ಬಿಪಿಎಲ್ ಕಾರ್ಡಿನ ಮಿತಿ ವರ್ಷಕ್ಕೆ 1.20 ಲಕ್ಷ, ಕಾರ್ಡ್ ಕೈತಪ್ಪೀತೆಂಬ ಅಳುಕಿನಿಂದ ಅದನ್ನೂ ಕಡಿಮೆ ಮಾಡಿ ಹೇಳುವುದುಂಟು. ಬಿಡಿಬಿಡಿಯಾಗಿ ಕೇಳಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಅಜ್ಜಿ ಇರುವ ಮನೆ ಎನ್ನಿ. ಗಂಡ ಗಾರೆ ಕೆಲಸಕ್ಕೆ 18 ದಿನ ಹೋದ, ದಿನಕ್ಕೆ 600ರಂತೆ 10,800. ಹೆಂಡತಿ ಹೊಲದ ಕೂಲಿಗೆ 12 ದಿನ, 350ರಂತೆ 4,200. ಹಿಂಡಿ, ಮೇವು ಕಳೆದು ಡೈರಿ ಹಾಲಿನದು 3,000. ಅಜ್ಜಿಯ ಪಿಂಚಣಿ 1,200, ಗೃಹಲಕ್ಷ್ಮಿ 2,000. ಒಟ್ಟು 21,200, ತಲಾ 4,240. ಇದು ಮೂರನೇ ವರ್ಗದ ಮನೆ. ಗಂಡನ ಕೂಲಿಯನ್ನಷ್ಟೇ ಬರೆದುಕೊಂಡಿದ್ದರೆ ತಲಾ 2,160 ಆಗಿ ನಾಲ್ಕನೆಯದಕ್ಕೆ ಇಳಿಯುತ್ತಿತ್ತು. ಹೆಂಗಸರ ದುಡಿಮೆ ಕಾಗದಕ್ಕೆ ಇಳಿಯದಿರುವುದು ಸಮೀಕ್ಷೆಗಳ ಹಳೆಯ ರೋಗ. ಬೆಳೆಯ ಆದಾಯವಿದ್ದರೆ ಖರ್ಚು ಕಳೆದು, ವರ್ಷದ್ದನ್ನು 12ರಿಂದ ಭಾಗಿಸಿ. ಸುಗ್ಗಿ ತಿಂಗಳ ಹಣವನ್ನು ತಿಂಗಳ ಆದಾಯವೆಂದು ಬರೆದರೆ ಇಡೀ ಊರು ಸಾಹುಕಾರರದ್ದಾಗುತ್ತದೆ.

ಕುಪ್ಪುಸ್ವಾಮಿ ಮಾಪನಕ್ಕೆ ಬದಲಾಯಿಸಲೇ ಎಂದೂ ಕೇಳಿದ್ದೀರಿ. ಬೇಡ. ವಿದ್ಯೆಗೆ 7, ಉದ್ಯೋಗಕ್ಕೆ 10, ಆದಾಯಕ್ಕೆ 12, ಹೀಗೆ ಹೆಚ್ಚೆಂದರೆ 29 ಅಂಕ ಕೊಡುವ ಅದು ನಗರದ ಕುಟುಂಬಗಳಿಗಾಗಿ ಮಾಡಿದ್ದು. ಎರಡೆಕರೆ ಜಮೀನೂ ಜೋಡೆತ್ತೂ ಇರುವ ಮನೆಗೆ ಅದರಲ್ಲಿ ಜಾಗವಿಲ್ಲ. ಹಳ್ಳಿಗೆಂದೇ ಮಾಡಿದ ಪಾರೀಕ್ ಮಾಪನದಲ್ಲಿ ಜಮೀನು, ಮನೆ, ಎತ್ತು-ಗಾಡಿಗಳಿಗೆ ಅಂಕವಿದೆ. ಆದರೆ ಜಾತಿಗೂ ಅಂಕವಿದೆ. ಜಾತಿಗೂ ಆರೋಗ್ಯಕ್ಕೂ ಇರುವ ಸಂಬಂಧವೇ ನಿಮ್ಮ ವಿಷಯವಾಗಿದ್ದರೆ ಅದನ್ನು ಬಳಸಬೇಡಿ, ಹುಡುಕಬೇಕಾದ್ದನ್ನು ಮೊದಲೇ ಒಳಗೆ ಸೇರಿಸಿಬಿಟ್ಟಂತಾಗುತ್ತದೆ.

ಪ್ರಶ್ನೆ: ಡಾಕ್ಟರಿಗೆ ಹೆಚ್ಚು, ಪೌರಕಾರ್ಮಿಕರಿಗೆ ಕಡಿಮೆ ಸಂಬಳ ಸಮಾಜಕ್ಕೆ ಅಗತ್ಯ ಎನ್ನುವ ವಾದ ಸಮಾಜಶಾಸ್ತ್ರದಲ್ಲಿ ನಿಜಕ್ಕೂ ಇದೆಯೇ?
(ಪ್ರೌಢಶಾಲಾ ಶಿಕ್ಷಕ, ಹುಬ್ಬಳ್ಳಿ)

ಉತ್ತರ: ಇದೆ. ಕಿಂಗ್ಸ್‌ಲೀ ಡೇವಿಸ್ ಮತ್ತು ವಿಲ್ಬರ್ಟ್ ಮೂರ್ 1945ರಲ್ಲಿ ಮಂಡಿಸಿದರು: ಕೆಲವು ಹುದ್ದೆಗಳು ಹೆಚ್ಚು ಮುಖ್ಯ, ಅವಕ್ಕೆ ದೀರ್ಘ ತರಬೇತಿ ಬೇಕು, ಹೆಚ್ಚಿನ ಪ್ರತಿಫಲವಿಲ್ಲದೆ ಯೋಗ್ಯರು ಅತ್ತ ಬರುವುದಿಲ್ಲ. 1953ರಲ್ಲಿ ಮೆಲ್ವಿನ್ ಟ್ಯೂಮಿನ್ ಇದನ್ನು ಎದುರಿಸಿದರು. ‘ಮುಖ್ಯ’ ಎಂಬುದನ್ನು ಅಳೆಯುವುದು ಹೇಗೆ, ಮತ್ತು ತರಬೇತಿಯ ಬಾಗಿಲು ಎಲ್ಲರಿಗೂ ತೆರೆದಿದೆಯೇ ಎಂಬುದು ಅವರ ಪಟ್ಟು. ನಗರದ ಕಸ ಒಂದು ವಾರ ಎತ್ತದಿದ್ದರೆ ಏನಾಗುತ್ತದೆಂಬುದು ಗೊತ್ತಿದ್ದದ್ದೇ. ಭಾರತದಲ್ಲಿ ಈ ವಾದ ಇನ್ನೊಂದು ಕಡೆಯೂ ಮುರಿಯುತ್ತದೆ. ಅಪಾಯದ, ಯಾರಿಗೂ ಬೇಡದ ಕೆಲಸಕ್ಕೆ ಜನ ಸಿಗುವುದು ಕಷ್ಟ, ಆದ್ದರಿಂದ ಕೂಲಿ ಏರಬೇಕು. ಮ್ಯಾನ್‌ಹೋಲ್ ಕೆಲಸದಲ್ಲಿ ಅದು ಏರಲಿಲ್ಲ. ಆ ಕೆಲಸಕ್ಕೆ ಜನರನ್ನು ಹೊಂದಿಸುತ್ತ ಬಂದದ್ದು ಸಂಬಳವಲ್ಲ, ಜಾತಿ. ಮಲ ಹೊರುವ ಪದ್ಧತಿಯನ್ನೂ ರಕ್ಷಣಾ ಸಾಧನವಿಲ್ಲದೆ ಒಳಚರಂಡಿಗೆ ಇಳಿಸುವುದನ್ನೂ 2013ರ ಕಾಯ್ದೆ ನಿಷೇಧಿಸಿದೆ. ಸಾವುಗಳು ನಿಂತಿಲ್ಲ.

ಪ್ರಶ್ನೆ: ಅಸಮಾನತೆ ಇಳಿದಿದೆ ಎಂದು ಸರ್ಕಾರಿ ಅಂಕಿಅಂಶ, ಏರಿದೆ ಎಂದು ಸಂಶೋಧಕರು. ಸುಳ್ಳು ಹೇಳುತ್ತಿರುವವರು ಯಾರು?
(ನಿವೃತ್ತ ಬ್ಯಾಂಕ್ ನೌಕರ, ಮೈಸೂರು)

ಉತ್ತರ: ಯಾರೂ ಸುಳ್ಳು ಹೇಳುತ್ತಿಲ್ಲ, ಅಳೆದ ವಸ್ತು ಬೇರೆ. ಸರ್ಕಾರದ 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ಅಸಮಾನತೆಯನ್ನು ಅಳೆಯುವ ಗಿನಿ ಗುಣಾಂಕ ಗ್ರಾಮೀಣ ಭಾಗದಲ್ಲಿ 0.237, ನಗರದಲ್ಲಿ 0.284. ಹಿಂದಿನ ವರ್ಷ 0.266 ಮತ್ತು 0.314 ಇತ್ತು. ಸೊನ್ನೆಯೆಂದರೆ ಪೂರ್ಣ ಸಮಾನತೆ, ಒಂದೆಂದರೆ ಎಲ್ಲವೂ ಒಬ್ಬನದೇ. ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್ ಅಂದಾಜಿನಲ್ಲಿ 2022-23ರಲ್ಲಿ ಮೇಲಿನ ಶೇ. 1 ಜನರ ಕೈಯಲ್ಲಿ ದೇಶದ ಆದಾಯದ ಶೇ. 22.6, ಸಂಪತ್ತಿನ ಶೇ. 40.1 ಇದೆ. ಮೊದಲನೆಯದು ಖರ್ಚಿನ ಲೆಕ್ಕ, ಎರಡನೆಯದು ಆದಾಯ ಮತ್ತು ಆಸ್ತಿಯದ್ದು.

ನೀವು ಬ್ಯಾಂಕಿನವರು, ಲೆಕ್ಕ ಮಾಡಿಯೇ ನೋಡಿ. ಐದು ಮನೆಗಳ ತಿಂಗಳ ಆದಾಯ 6, 9, 12, 18 ಮತ್ತು 55 ಸಾವಿರ, ಒಟ್ಟು ಒಂದು ಲಕ್ಷ. ಬಡವರಿಂದ ಶುರುಮಾಡಿ 1, 2, 3, 4, 5 ಎಂದು ಕ್ರಮಸಂಖ್ಯೆ ಕೊಟ್ಟು, ಆದಾಯವನ್ನು ಆಯಾ ಸಂಖ್ಯೆಯಿಂದ ಗುಣಿಸಿ ಕೂಡಿ: 6 + 18 + 36 + 72 + 275 = 407. ಇದರ ಇಮ್ಮಡಿ 814ನ್ನು, ಮನೆಗಳ ಸಂಖ್ಯೆ × ಒಟ್ಟು ಆದಾಯ, ಅಂದರೆ 500ರಿಂದ ಭಾಗಿಸಿದರೆ 1.628. ಅದರಲ್ಲಿ 6/5, ಅಂದರೆ 1.2 ಕಳೆಯಿರಿ. ಗಿನಿ 0.43.

ಈಗ ಅದೇ ಮನೆಗಳ ಖರ್ಚು. ಕೆಳಗಿನ ಮೂರು ಮನೆಗಳಲ್ಲಿ ಬಂದದ್ದೆಲ್ಲ ಕರಗುತ್ತದೆ, ನಾಲ್ಕನೆಯವರು 17 ಸಾವಿರ, ಐದನೆಯವರು 30 ಸಾವಿರ ಖರ್ಚು ಮಾಡುತ್ತಾರೆ. ಒಟ್ಟು 74 ಸಾವಿರ. ಅದೇ ಸೂತ್ರ ಹಾಕಿದರೆ ಗಿನಿ 0.30. ಮನೆಗಳೂ ಅವೇ, ತಿಂಗಳೂ ಅದೇ. ಐದನೆಯವರು ಉಳಿಸಿದ 25 ಸಾವಿರ ಸೈಟು, ಚಿನ್ನ, ಷೇರು ಆಗಿ ಆಸ್ತಿಯ ಲೆಕ್ಕಕ್ಕೆ ಹೋಗುತ್ತದೆ, ಖರ್ಚಿನ ಸಮೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ. ಜೊತೆಗೆ ಅತಿ ಶ್ರೀಮಂತರ ಗೇಟಿನ ಒಳಗೆ ಸಮೀಕ್ಷೆಯವರಿಗೆ ಪ್ರವೇಶ ಸಿಗುವುದೂ ಅಪರೂಪ. ಖರ್ಚಿನ ಗಿನಿಯನ್ನು ಇನ್ನೊಂದು ದೇಶದ ಆದಾಯದ ಗಿನಿಯ ಪಕ್ಕ ಇಟ್ಟು ‘ನಾವೇ ವಾಸಿ’ ಎನ್ನುವ ಹೇಳಿಕೆ ಯಾವ ಪಕ್ಷದ್ದೇ ಇರಲಿ, ಅದನ್ನು ಒಪ್ಪಬೇಡಿ.

ಪ್ರಶ್ನೆ: ‘ಉಳುವವನೇ ಹೊಲದೊಡೆಯ’ ಕಾನೂನು ಬಂದಾಗ ನಮ್ಮ ಅಜ್ಜ ದುಡಿಯುತ್ತಿದ್ದ ಗದ್ದೆ ಧಣಿಗಳಲ್ಲೇ ಉಳಿಯಿತಂತೆ. ಪಕ್ಕದ ಮನೆಯವರಿಗೆ ಮೂರೆಕರೆ ಸಿಕ್ಕಿತು. ಇಬ್ಬರೂ ಉಳುತ್ತಿದ್ದವರೇ ಅಲ್ಲವೇ?
(ಓದುಗರು, ಶಿವಮೊಗ್ಗ ಜಿಲ್ಲೆ)

ಉತ್ತರ: ಉಳುತ್ತಿದ್ದವರು ಇಬ್ಬರೂ, ಗೇಣಿದಾರ ಒಬ್ಬನೇ. ದೇವರಾಜ ಅರಸು ಸರ್ಕಾರದ ತಿದ್ದುಪಡಿಯಂತೆ ಗೇಣಿ ಜಮೀನುಗಳು 1974ರ ಮಾರ್ಚ್ 1ರಂದು ಸರ್ಕಾರಕ್ಕೆ ಸೇರಿದವು. ಗೇಣಿದಾರರು ಫಾರಂ ನಂ. 7ರಲ್ಲಿ ಭೂನ್ಯಾಯಮಂಡಳಿಗೆ ಅರ್ಜಿ ಹಾಕಬೇಕಿತ್ತು. ಆದರೆ ಕಾಯ್ದೆಯಲ್ಲಿ ‘ಸ್ವಂತ ಸಾಗುವಳಿ’ ಎಂದರೆ ಒಡೆಯ ತಾನೇ ನೇಗಿಲು ಹಿಡಿಯುವುದು ಎಂದಷ್ಟೇ ಅರ್ಥವಲ್ಲ. ತನ್ನ ಮೇಲ್ವಿಚಾರಣೆಯಲ್ಲಿ ಆಳುಗಳಿಂದ ಮಾಡಿಸಿದರೂ ಅದು ಸ್ವಂತದ್ದೇ, ಆಳಿಗೆ ಹಣ ಅಥವಾ ಧಾನ್ಯದ ಕೂಲಿ ಕೊಡಬೇಕು, ಬೆಳೆಯಲ್ಲಿ ಪಾಲು ಕೊಡಬಾರದು ಅಷ್ಟೇ. ನಿಮ್ಮ ಅಜ್ಜನಿಗೆ ಕಣದಲ್ಲಿ ಇಷ್ಟು ಕೊಳಗ ಎಂದು ಭತ್ತ ಅಳೆದು ಕೊಡುತ್ತಿದ್ದರೆ ಅದು ಕೂಲಿ. ಪಕ್ಕದವರು ಬೆಳೆದು ಧಣಿಗೆ ಗೇಣಿ ಅಳೆಯುತ್ತಿದ್ದರೆ ಅವರು ಗೇಣಿದಾರರು. ಅಳೆಯುವ ಪಾತ್ರೆ ಒಂದೇ, ಯಾರು ಯಾರಿಗೆ ಅಳೆದರು ಎಂಬುದರ ಮೇಲೆ ಎರಡು ಕುಟುಂಬಗಳ ಮುಂದಿನ ತಲೆಮಾರು ನಿಂತಿತು. ನಿಮ್ಮದೇ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ 1951ರ ಕಾಗೋಡು ಸತ್ಯಾಗ್ರಹ ನಡೆಸಿದವರೂ ಗೇಣಿದಾರರೇ.

ಹೀಗಾಗಿ ಸುಧಾರಣೆಯ ಲಾಭ ಹೆಚ್ಚಾಗಿ ಗೇಣಿದಾರ ಜಾತಿಗಳಿಗೆ ಹೋಯಿತು. ಕೂಲಿ, ಜೀತದಲ್ಲಿದ್ದ ದಲಿತ ಕುಟುಂಬಗಳಲ್ಲಿ ಬಹುಪಾಲು ಹೊರಗೇ ಉಳಿದವು. ಬಾಯಿಮಾತಿನ ಗೇಣಿಯಾಗಿದ್ದು ಪಹಣಿಯಲ್ಲಿ ಹೆಸರಿಲ್ಲದವರೂ ಮಂಡಳಿಯ ಮುಂದೆ ಸಾಕ್ಷಿಗಾಗಿ ಪರದಾಡಿದರು. ನಿಮ್ಮ ಅಜ್ಜನದು ಯಾವ ಬಗೆ ಎಂದು ತಿಳಿಯಬೇಕಾದರೆ ತಾಲ್ಲೂಕು ಕಚೇರಿಯಲ್ಲಿ ಆ ಸರ್ವೆ ನಂಬರಿನ 1974ರ ಹಿಂದುಮುಂದಿನ ವರ್ಷಗಳ ಕೈಬರಹದ ಪಹಣಿಗೆ ಅರ್ಜಿ ಕೊಟ್ಟು, ಸಾಗುವಳಿದಾರರ ಕಾಲಂ ನೋಡಿ.

ಪ್ರಶ್ನೆ: ಒಬಿಸಿ ಕೆನೆಪದರಕ್ಕೂ 8 ಲಕ್ಷ, ಇಡಬ್ಲ್ಯುಎಸ್‌ಗೂ 8 ಲಕ್ಷ. ಎರಡೂ ಒಂದೇ ಲೆಕ್ಕವೇ? ಅಪ್ಪ ಸರ್ಕಾರಿ ಗುಮಾಸ್ತರು, ಸಂಬಳ ವರ್ಷಕ್ಕೆ 9 ಲಕ್ಷ.
(ಸ್ಪರ್ಧಾತ್ಮಕ ಪರೀಕ್ಷಾರ್ಥಿ, ವಿಜಯಪುರ)

ಉತ್ತರ: ಅಂಕಿ ಒಂದೇ, ಲೆಕ್ಕ ಪೂರ್ತಿ ಬೇರೆ. ಕೆನೆಪದರವೆಂದರೆ ಒಬಿಸಿಯೊಳಗೆ ಮೀಸಲಾತಿಯಿಂದ ಹೊರಗಿಡುವ ಮೇಲಿನ ಸ್ತರ, ಇಡಬ್ಲ್ಯುಎಸ್ ಎಂದರೆ ಬೇರೆ ಮೀಸಲಾತಿ ಇಲ್ಲದ ಆರ್ಥಿಕವಾಗಿ ದುರ್ಬಲ ವರ್ಗ. ಇಲ್ಲಿ ಕೇಂದ್ರದ ನಿಯಮವನ್ನಷ್ಟೇ ಹೇಳುತ್ತೇವೆ. 1993ರ ಆದೇಶದಂತೆ ಒಬಿಸಿಯಲ್ಲಿ ಮೊದಲು ನೋಡುವುದು ತಂದೆತಾಯಿಯ ಹುದ್ದೆಯನ್ನು. ಇಬ್ಬರಲ್ಲಿ ಒಬ್ಬರು ನೇರ ನೇಮಕದ ಗ್ರೂಪ್ ಎ, ಅಥವಾ ಇಬ್ಬರೂ ನೇರ ನೇಮಕದ ಗ್ರೂಪ್ ಬಿ ಆಗಿದ್ದರೆ ಕೆನೆಪದರ. ಗುಮಾಸ್ತರ ಹುದ್ದೆ ಗ್ರೂಪ್ ಸಿ. ಆದಾಯ ಪರೀಕ್ಷೆಯಲ್ಲಿ ಅವರ ಸಂಬಳವನ್ನೂ ಕೃಷಿ ಆದಾಯವನ್ನೂ ಸೇರಿಸುವುದಿಲ್ಲ. ಬಾಡಿಗೆ, ವ್ಯಾಪಾರ, ಬಡ್ಡಿ ಮುಂತಾದ ಉಳಿದ ಆದಾಯ ಸತತ ಮೂರು ವರ್ಷ 8 ಲಕ್ಷ ದಾಟಿರಬಾರದು. ಕೃಷಿ ಜಮೀನಿಗೆ ಪ್ರತ್ಯೇಕ ಮಿತಿಯಿದೆ, ನೀರಾವರಿ ಜಮೀನು ಹೆಚ್ಚಿದ್ದವರು ಅದನ್ನು ಮೊದಲು ನೋಡಿಕೊಳ್ಳಿ. ಅಂದರೆ ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದ್ದರೆ ಅಪ್ಪನ 9 ಲಕ್ಷ ಸಂಬಳ ಅಡ್ಡಿಯಲ್ಲ. ಖಾಸಗಿ ಕಂಪನಿ, ಸಾರ್ವಜನಿಕ ಉದ್ದಿಮೆಗಳ ನೌಕರರ ಸಂಬಳದ ವಿಚಾರ ಬೇರೆ. ತಕರಾರು, ವ್ಯಾಜ್ಯಗಳು ಹೆಚ್ಚಾಗಿ ಹುಟ್ಟುವುದು ಅಲ್ಲೇ.

ಇಡಬ್ಲ್ಯುಎಸ್‌ನಲ್ಲಿ ಸಂಬಳ, ಕೃಷಿ, ವ್ಯಾಪಾರ ಎಲ್ಲವೂ ಸೇರಿ ಹಿಂದಿನ ಆರ್ಥಿಕ ವರ್ಷದ ಕುಟುಂಬದ ಆದಾಯ 8 ಲಕ್ಷದ ಕೆಳಗಿರಬೇಕು. ಆದಾಯ ಎಷ್ಟೇ ಕಡಿಮೆಯಿದ್ದರೂ 5 ಎಕರೆ ಅಥವಾ ಹೆಚ್ಚು ಕೃಷಿ ಜಮೀನು, 1,000 ಚದರಡಿ ಅಥವಾ ದೊಡ್ಡ ಫ್ಲಾಟ್, ಅಧಿಸೂಚಿತ ಪಟ್ಟಣಗಳಲ್ಲಿ 100 ಚದರ ಗಜ, ಬೇರೆಡೆ 200 ಚದರ ಗಜದ ನಿವೇಶನ, ಇವುಗಳಲ್ಲಿ ಒಂದಿದ್ದರೂ ಅನರ್ಹ. ವಿಜಯಪುರದ ಕಡೆ ಐದೆಕರೆ ಒಣಭೂಮಿಗೂ ತೋಟದ ಐದೆಕರೆಗೂ ಇರುವ ಅಂತರ ಈ ನಿಯಮಕ್ಕೆ ಗೊತ್ತಿಲ್ಲ. ಒಬಿಸಿ ಪಟ್ಟಿಯಲ್ಲಿರುವವರು ಇಡಬ್ಲ್ಯುಎಸ್ ಕೇಳುವಂತೆಯೇ ಇಲ್ಲ, ಕೆನೆಪದರಕ್ಕೆ ಸೇರಿದ್ದರೂ ಅಷ್ಟೇ. ರಾಜ್ಯದ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲೂ ಇದ್ದಂತಲ್ಲ. ನಾಡಕಚೇರಿಗೆ ಹೋಗುವ ಮುನ್ನ ಕೇಂದ್ರದ ಪಟ್ಟಿ ನೋಡಿಕೊಳ್ಳಿ, ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲೇ ಬೇಕೆಂದು ಬರೆದುಕೊಡಿ, ಅದರ ದಿನಾಂಕ ಅಧಿಸೂಚನೆಯಲ್ಲಿ ಕೇಳಿದ ಅವಧಿಯೊಳಗಿದೆಯೇ ಎಂದು ಕೌಂಟರಿನಲ್ಲೇ ಪರೀಕ್ಷಿಸಿ.